ಮೂರು ಆರೋಗ್ಯ ಗುಂಪು: ಕ್ಲಸ್ಟರಿಂಗೋ, ಲಾಜಿಸ್ಟಿಕ್ ರಿಗ್ರೆಶನ್ನೋ?

ಪ್ರಶ್ನೆ
600 ವಯಸ್ಕರ ಮಾಹಿತಿ ಇದೆ: ವಯಸ್ಸು, ಸೊಂಟದ ಸುತ್ತಳತೆ, ಸಿಸ್ಟಾಲಿಕ್ ರಕ್ತದೊತ್ತಡ, ಟ್ರೈಗ್ಲಿಸರೈಡ್, ಮನೆಯವರಿಗೆ ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ, ಜೊತೆಗೆ ಕಳೆದ ಎರಡು-ಮೂರು ತಿಂಗಳ ಸರಾಸರಿ ರಕ್ತದ ಸಕ್ಕರೆ ತೋರಿಸುವ ಎಚ್‌ಬಿಎ1ಸಿ. ಆರೋಗ್ಯವಂತರು 410, ಪ್ರಿಡಯಾಬಿಟಿಸ್ (ಸಕ್ಕರೆ ಕಾಯಿಲೆಯ ಹಿಂದಿನ ಹಂತ) 140, ಡಯಾಬಿಟಿಸ್ 50. ಕೆ-ಮೀನ್ಸ್ (ಒಂದೇ ಬಗೆಯ ಅಳತೆಯವರನ್ನು ತಾನೇ ಒಟ್ಟುಗೂಡಿಸುವ ಕ್ಲಸ್ಟರಿಂಗ್ ವಿಧಾನ) ಹಾಕಿದರೆ ಬರುವ ಮೂರು ಗುಂಪು ಇದಕ್ಕೆ ತಾಳೆಯಾಗುತ್ತಲೇ ಇಲ್ಲ. ಡಿಸ್ಕ್ರಿಮಿನೆಂಟ್ ಅನಾಲಿಸಿಸ್, ಲಾಜಿಸ್ಟಿಕ್, ರ‍್ಯಾಂಡಮ್ ಫಾರೆಸ್ಟ್, ಒಬ್ಬರು ಯಾವ ಗುಂಪಿನವರು ಎಂದು ಊಹಿಸುವ ಈ ವಿಧಾನಗಳಲ್ಲಿ ಯಾವುದು ಸರಿ?

ಉತ್ತರ 1
ತಾಳೆಯಾಗದಿರುವುದು ಸಹಜ. ಕೆ-ಮೀನ್ಸ್ ನೋಡುವುದು ಅಳತೆಗಳ ನಡುವಿನ ದೂರವನ್ನಷ್ಟೆ; ಸ್ಕೇಲ್ ಮಾಡದೆ (ಎಲ್ಲ ಅಳತೆಗಳನ್ನೂ ಒಂದೇ ಮಟ್ಟಕ್ಕೆ ತರದೆ) ಕೊಟ್ಟರೆ ಟ್ರೈಗ್ಲಿಸರೈಡ್‌ನ ದೊಡ್ಡ ಅಂಕಿಗಳೇ ಎಲ್ಲವನ್ನೂ ನಿರ್ಧರಿಸಿಬಿಡುತ್ತವೆ. ಗುಂಪು ಮೊದಲೇ ಗೊತ್ತಿದ್ದಾಗ ಕ್ಲಸ್ಟರಿಂಗ್ ಬೇಡ.

ಅದಕ್ಕೂ ಮೊದಲು ಹೇಳಿ, ಗುಂಪು ಮಾಡಿದ್ದು ಯಾವುದರಿಂದ? ಎಚ್‌ಬಿಎ1ಸಿ ಶೇ 5.7ರಿಂದ 6.4 ಪ್ರಿಡಯಾಬಿಟಿಸ್, 6.5ರಿಂದ ಮೇಲೆ ಡಯಾಬಿಟಿಸ್ ಎಂದು ವಿಂಗಡಿಸಿದ್ದರೆ ಅದನ್ನು ಮಾಡೆಲ್‌ಗೆ ಕೊಡಲೇಬೇಡಿ. ಉತ್ತರವನ್ನೇ ಪ್ರಶ್ನೆಯೊಳಗೆ ಬರೆದುಕೊಟ್ಟ ಹಾಗೆ. ಎಚ್‌ಬಿಎ1ಸಿ ಕೈಯಲ್ಲಿರುವವರಿಗೆ ಮಾಡೆಲ್ಲೇ ಬೇಕಿಲ್ಲ, ಮಿತಿ ನೋಡಿದರೆ ಸಾಕು. ಆ ಪರೀಕ್ಷೆ ಆಗದವರಲ್ಲಿ ಯಾರಿಗೆ ಅಪಾಯ ಹೆಚ್ಚು ಎಂದು ತಿಳಿಯಬೇಕಾದಾಗ ಮಾತ್ರ ಉಳಿದ ಐದು ಅಂಶಗಳ ಮಾಡೆಲ್‌ಗೆ ಅರ್ಥ.

ಉತ್ತರ 2
ಐದೇ ಅಂಶ ಎಂದಾದರೆ ಆರ್ಡಿನಲ್ ಲಾಜಿಸ್ಟಿಕ್‌ನಿಂದ (ಗುಂಪುಗಳ ಕ್ರಮವನ್ನು ಗಣನೆಗೆ ತೆಗೆದುಕೊಳ್ಳುವ ಲಾಜಿಸ್ಟಿಕ್) ಶುರುಮಾಡಿ. ನಿಮ್ಮ ಮೂರು ಗುಂಪಿಗೆ ಏರಿಕೆಯ ಕ್ರಮ ಇದೆ. ಮಲ್ಟಿನಾಮಿಯಲ್ ಲಾಜಿಸ್ಟಿಕ್ ಆ ಕ್ರಮವನ್ನು ಕಡೆಗಣಿಸಿ 10 ಗುಣಾಂಕ (ಅಂಶದ ಪರಿಣಾಮ ಹೇಳುವ ಅಂಕಿ) ಕೇಳುತ್ತದೆ, ಆರ್ಡಿನಲ್‌ಗೆ 5 ಸಾಕು. ಅತಿ ಚಿಕ್ಕ ಗುಂಪಿನಲ್ಲಿ 50 ಜನ ಇರುವಾಗ ಇದು ದೊಡ್ಡ ವ್ಯತ್ಯಾಸ.

ಆರ್ಡಿನಲ್‌ಗೆ ಪ್ರಪೋರ್ಷನಲ್ ಆಡ್ಸ್ ಊಹೆ ಬೇಕು, ಅಂದರೆ ಪ್ರತಿ ಅಂಶದ ಪರಿಣಾಮ ಎರಡೂ ಹಂತದಲ್ಲಿ ಒಂದೇ ಇರಬೇಕು. ಅದನ್ನು ನೋಡಲು ಇರುವ ಬ್ರ್ಯಾಂಟ್ ಪರೀಕ್ಷೆಯೊಂದಕ್ಕೇ ಬಿಡಬೇಡಿ. ಎರಡು ಸಾದಾ ಲಾಜಿಸ್ಟಿಕ್ ಓಡಿಸಿ: ಒಂದು, ಆರೋಗ್ಯವಂತರ ಎದುರು ಉಳಿದ ಎರಡೂ ಗುಂಪು, ಇನ್ನೊಂದು, ಮೊದಲೆರಡರ ಎದುರು ಡಯಾಬಿಟಿಸ್. ಗುಣಾಂಕಗಳು ಹೆಚ್ಚುಕಡಿಮೆ ಒಂದೇ ಇದ್ದರೆ ಸರಿ. ಒಂದೇ ಒಂದು ಅಂಶ ಬೇರೆ ದಾರಿ ಹಿಡಿದಿದ್ದರೆ ಅದಕ್ಕೆ ಮಾತ್ರ ಊಹೆ ಸಡಿಲಿಸಿ.

ಡಿಸ್ಕ್ರಿಮಿನೆಂಟ್ ಅನಾಲಿಸಿಸ್ ಎಲ್ಲ ಅಂಶಗಳೂ ಗುಂಪಿನೊಳಗೆ ನಾರ್ಮಲ್ ಹಂಚಿಕೆಯಲ್ಲಿವೆ, ಕೋವೇರಿಯನ್ಸ್ (ಅಂಶಗಳು ಹರಡುವ, ಒಟ್ಟಿಗೆ ಏರಿಳಿಯುವ ರೀತಿ) ಎಲ್ಲ ಗುಂಪಿನಲ್ಲೂ ಸಮ ಇದೆ ಎಂದುಕೊಳ್ಳುತ್ತದೆ. ಹೌದು/ಇಲ್ಲ ಉತ್ತರದ ಕುಟುಂಬ ಇತಿಹಾಸಕ್ಕೆ ಇದು ಹೊಂದದು. ಟ್ರೈಗ್ಲಿಸರೈಡ್ ಬಲಕ್ಕೆ ಬಾಲ ಚಾಚಿರುತ್ತದೆ, ಅಂದರೆ ಕೆಲವರ ಅಂಕಿ ತುಂಬ ದೊಡ್ಡದಿರುತ್ತದೆ. ಯಾವ ವಿಧಾನವಾದರೂ ಲಾಗ್ ತೆಗೆದು ನೋಡಿ. ಮತ್ತೊಂದು, ವಯಸ್ಸನ್ನು "45ಕ್ಕಿಂತ ಮೇಲೆ, ಕೆಳಗೆ" ಎಂದು ಕತ್ತರಿಸಬೇಡಿ, ಮಾಹಿತಿ ಸುಮ್ಮನೆ ನಷ್ಟ.

ಪ್ರಶ್ನೆ ಕೇಳಿದವರು
ಗುಂಪು ಮಾಡಿದ್ದು ಎಚ್‌ಬಿಎ1ಸಿಯಿಂದಲೇ, ತೆಗೆಯುತ್ತೇನೆ. ಅದಿಲ್ಲದೆಯೂ ರ‍್ಯಾಂಡಮ್ ಫಾರೆಸ್ಟ್ ಶೇ 70 ನಿಖರತೆ ಕೊಡುತ್ತಿದೆ. ಇಟ್ಟುಕೊಳ್ಳಲೇ?

ಉತ್ತರ 3
600 ಜನರನ್ನೂ "ಆರೋಗ್ಯವಂತರು" ಎಂದುಬಿಟ್ಟರೂ ಶೇ 68 ಬರುತ್ತದೆ. ಆ 50 ಜನರಲ್ಲಿ ಎಷ್ಟು ಮಂದಿಯನ್ನು ಅದು ಹಿಡಿಯಿತು ಎಂಬುದನ್ನು ನೋಡಿ. ಕ್ಯಾಲಿಬ್ರೇಶನ್ ಕೂಡ ಬೇಕು: ಮಾಡೆಲ್ ಡಯಾಬಿಟಿಸ್‌ಗೆ ಶೇ 30 ಸಂಭವ ಎಂದು ಹೇಳಿದ ನೂರು ಜನರಲ್ಲಿ ಸುಮಾರು ಮೂವತ್ತು ಮಂದಿಗೆ ನಿಜಕ್ಕೂ ಇರಬೇಕು.

ದತ್ತಾಂಶವನ್ನು ತರಬೇತಿಗೆ, ಪರೀಕ್ಷೆಗೆ 70:30 ಎಂದು ಒಡೆದರೆ ಪರೀಕ್ಷೆಗೆ ಸಿಗುವುದು ಹದಿನೈದೇ ಡಯಾಬಿಟಿಸ್ ಪ್ರಕರಣ. ಬದಲಿಗೆ ಪ್ರತಿ ಪಾಲಿನಲ್ಲೂ ಗುಂಪುಗಳ ಅನುಪಾತ ಕಾಯ್ದುಕೊಂಡು 10 ಪಾಲಿನ ಕ್ರಾಸ್ ವ್ಯಾಲಿಡೇಶನ್ (ಸರದಿಯಂತೆ ಒಂದು ಪಾಲು ಪರೀಕ್ಷೆಗೆ, ಉಳಿದವು ತರಬೇತಿಗೆ) ಅನ್ನು ಹಲವು ಸಲ ಮಾಡಿ. ಬಿಟ್ಟುಹೋದ ಮೌಲ್ಯ ತುಂಬುವುದು, ಸ್ಕೇಲ್ ಮಾಡುವುದು ಎಲ್ಲವೂ ಪ್ರತಿ ಸುತ್ತಿನ ತರಬೇತಿ ಭಾಗದೊಳಗೇ ಆಗಬೇಕು. ಮೊದಲೇ ಇಡೀ ದತ್ತಾಂಶಕ್ಕೆ ಮಾಡಿದರೆ ಪರೀಕ್ಷೆಯ ಭಾಗದ ಮಾಹಿತಿ ಒಳಗೆ ಸೋರುತ್ತದೆ. ಚಿಕ್ಕ ಗುಂಪನ್ನು ನಕಲು ಮಾಡಿ ಹಿಗ್ಗಿಸಬೇಡಿ, ಸಂಭವಗಳು ಉಬ್ಬುತ್ತವೆ. ಅದಕ್ಕಿಂತ, ಎಷ್ಟು ಸಂಭವ ಇದ್ದರೆ ರೋಗಿ ಎಂದು ಎಣಿಸಬೇಕೆಂಬ ಕಡಿತದ ಮಿತಿಯನ್ನು ಕೆಳಗಿಳಿಸಿ. ಎಷ್ಟು ಕೆಳಗೆ ಎಂಬುದನ್ನು, ಒಬ್ಬ ರೋಗಿ ತಪ್ಪಿಹೋಗುವುದಕ್ಕೂ ಆರೋಗ್ಯವಂತರೊಬ್ಬರಿಗೆ ಸುಮ್ಮನೆ ರಕ್ತಪರೀಕ್ಷೆ ಮಾಡಿಸುವುದಕ್ಕೂ ಇರುವ ವೆಚ್ಚದ ಅಂತರ ನೋಡಿ ವೈದ್ಯರೊಂದಿಗೆ ಕೂತು ತೀರ್ಮಾನಿಸಿ.