ಫ್ರೆಂಡ್ ಕುಡಿದು ಬಿದ್ರೆ 108ಗೆ ಮಾಡೋಕೂ ಭಯ, ನೀವಾದ್ರೆ ಏನ್ ಮಾಡ್ತಿದ್ರಿ? ಅನುಭವ ಇರೋರು ಹೇಳಿ

ಕೇಳಿದವನು:
ಬೆಂಗಳೂರಲ್ಲಿ ಇಂಜಿನಿಯರಿಂಗ್ ಸೆಕೆಂಡ್ ಇಯರ್, ಪಿಜಿಲಿ ನಾಲ್ಕು ಜನ ಒಂದೇ ರೂಮು. ಸೆಮ್ ಮುಗಿದ ರಾತ್ರಿ ನಮ್ಮಲ್ಲೊಬ್ಬ ಖಾಲಿ ಹೊಟ್ಟೆಲಿ ಕ್ವಾರ್ಟರ್ ಮೇಲೆ ಇನ್ನೊಂದು ನೈಂಟಿ ಹಾಕ್ಬಿಟ್ಟು ಬಿದ್ದೋದ, ಅಲ್ಲಾಡಿಸಿದ್ರೂ ಏಳ್ತಿಲ್ಲ, ಮೈಯೆಲ್ಲಾ ತಣ್ಣಗೆ. 108ಗೆ ಮಾಡೋಣ ಅಂದೆ, ಉಳಿದೋರು ಬೇಡ್ವೇ ಬೇಡ, ಪೊಲೀಸ್ ಬರ್ತಾರೆ, ಓನರ್ ಅಂಕಲ್ ಲಗೇಜ್ ಆಚೆ ಹಾಕ್ತಾರೆ, ಅವನ ಮನೇಲಿ ಗೊತ್ತಾದ್ರೆ ಓದೇ ಬಿಡಿಸ್ತಾರೆ ಅಂತ. ಬೆಳಿಗ್ಗೆ ಎದ್ದ, ನಮ್ಮ ಪುಣ್ಯ. ಮುಂದೆ ಹಿಂಗಾದ್ರೆ ಏನ್ ಮಾಡ್ಬೇಕು? ಇನ್ನೊಂದು, ಕ್ಲಾಸಿನ ಹುಡುಗಿ ಒಬ್ಳು ಐ-ಪಿಲ್ಲು, ಟೆಸ್ಟು ಅಂತ ಏನೋ ಕೇಳ್ತಿದ್ಳು, ನಮಗೆ ಯಾರಿಗೂ ನೆಟ್ಟಗೆ ಗೊತ್ತಿಲ್ಲ. ಬುದ್ಧಿವಾದ ಬೇಡ, ಅದು ಮನೇಲೇ ಸಿಗುತ್ತೆ.

ಸೀನಿಯರ್ ಒಬ್ಬರು:
ಏನಿಲ್ಲ ಮಗಾ, ಮಜ್ಜಿಗೆಗೆ ಉಪ್ಪು ನಿಂಬೆಹಣ್ಣು ಹಾಕಿ ಕುಡ್ಸಿ, ತಲೆ ಮೇಲೆ ಒಂದು ಬಕೆಟ್ ತಣ್ಣೀರು. ನಮ್ಮ ಹಾಸ್ಟೆಲಲ್ಲಿ ಇಷ್ಟೇ ಟ್ರೀಟ್‌ಮೆಂಟು, ಯಾರೂ ಸತ್ತಿಲ್ಲ.

ಕ್ಯಾಷುಯಲ್ಟಿಲಿ ಕೆಲಸ ಮಾಡೋ ನರ್ಸ್:
ಸತ್ತೋರು ಬಂದು ಅನುಭವ ಹೇಳಲ್ಲ ಅಣ್ಣ. ದಯವಿಟ್ಟು ಯಾರೂ ಹಂಗೆ ಮಾಡ್ಬೇಡಿ. ಪ್ರಜ್ಞೆ ಇಲ್ದಿರೋರ ಬಾಯಿಗೆ ಏನೂ ಹಾಕ್ಬಾರ್ದು, ಮಜ್ಜಿಗೆ ಆಗ್ಲಿ ನೀರಾಗ್ಲಿ ಕಾಫಿ ಆಗ್ಲಿ, ನುಂಗೋಕಾಗಲ್ಲ, ನೇರ ಶ್ವಾಸಕೋಶಕ್ಕೆ ಹೋಗುತ್ತೆ. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡ್ಸೋದೂ ಬೇಡ. ತಣ್ಣೀರಂತೂ ಬೇಡವೇ ಬೇಡ, ಕುಡಿದೋರ ಮೈ ಮೊದಲೇ ತಣ್ಣಗಾಗಿರುತ್ತೆ, ಇನ್ನೂ ಇಳಿಯುತ್ತೆ.

ನೀವು ನೋಡಬೇಕಾಗಿರೋದು ಉಸಿರು. ಮೊಬೈಲಲ್ಲಿ ಒಂದು ನಿಮಿಷ ಟೈಮರ್ ಇಟ್ಟು ಎದೆ ಮೇಲೆ ಕೈ ಇಟ್ಟು ಎಣಿಸಿ. ನಿಮಿಷಕ್ಕೆ 8ಕ್ಕಿಂತ ಕಮ್ಮಿ ಇದ್ರೆ, ಇಲ್ಲಾ ಒಂದು ಉಸಿರಿಂದ ಇನ್ನೊಂದಕ್ಕೆ 10 ಸೆಕೆಂಡ್ ಮೇಲೆ ಗ್ಯಾಪ್ ಬಂದ್ರೆ, ತುಟಿ ಉಗುರು ನೀಲಿ ಆದ್ರೆ, ಭುಜಕ್ಕೆ ಗಟ್ಟಿಯಾಗಿ ಚಿವುಟಿದ್ರೂ ಕಣ್ ಬಿಡದಿದ್ರೆ, ಫಿಟ್ಸ್ ಬಂದ್ರೆ, ಮಾತಾಡ್ಕೊಂಡು ಕೂರ್ಬೇಡಿ, 108. ಇದ್ರಲ್ಲಿ ಒಂದಿದ್ರೂ ಸಾಕು, ಎಲ್ಲಾ ಸೇರ್ಲಿ ಅಂತ ಕಾಯ್ಬೇಡಿ. ನೀವು ಹೇಳಿದ ಹುಡುಗ ಏಳ್ತಿರಲಿಲ್ಲ, ಮೈ ತಣ್ಣಗಿತ್ತು ಅಂದ್ರಲ್ಲ, ಅದು ಕರೀಬೇಕಾದ ಕೇಸೇ.

ಆಂಬುಲೆನ್ಸ್ ಬರೋವರೆಗೂ ಅಂಗಾತ ಮಲಗಿಸ್ಬೇಡಿ. ಎಡಕ್ಕೆ ಮಗ್ಗುಲಾಗಿ ಹೊರಳಿಸಿ, ಮೇಲಿರೋ ಮಂಡಿ ಮಡಚಿ ಮುಂದಕ್ಕೆ ಇಡಿ, ಆಗ ಉರುಳಲ್ಲ, ಮೇಲಿನ ಕೈ ಕೆನ್ನೆ ಕೆಳಗೆ, ಬಾಯಿ ಸ್ವಲ್ಪ ನೆಲದ ಕಡೆಗೆ ಇರ್ಲಿ, ವಾಂತಿ ಆದ್ರೆ ಆಚೆ ಹರಿಯುತ್ತೆ. ಬೆನ್ನಿಗೆ ಒಂದು ಬ್ಯಾಗ್ ಒತ್ತಿಡಿ, ಬೆಡ್‌ಶೀಟ್ ಹೊದಿಸಿ. ಒಬ್ಬರು ಪಕ್ಕದಲ್ಲೇ ಎಚ್ಚರ ಇರ್ಬೇಕು. "ಮಲಗಿದಾನೆ ಬಿಡು, ಸರಿ ಹೋಗ್ತಾನೆ" ಅಂತ ಲೈಟ್ ಆಫ್ ಮಾಡೋದೇ ಅಪಾಯ, ಯಾಕಂದ್ರೆ ಕೊನೆ ಪೆಗ್ ಇನ್ನೂ ಹೊಟ್ಟೆಲೇ ಇರುತ್ತೆ, ಮಲಗಿದ ಮೇಲೂ ರಕ್ತಕ್ಕೆ ಏರ್ತಾ ಹೋಗುತ್ತೆ, ಲಿವರ್ರು ಗಂಟೆಗೆ ಹೆಚ್ಚುಕಮ್ಮಿ ಒಂದು ಪೆಗ್ ಮಾತ್ರ ಇಳಿಸುತ್ತೆ. ಖಾಲಿ ಹೊಟ್ಟೆ ಆದ್ರೆ ಶುಗರ್ ಬೇರೆ ಬೀಳುತ್ತೆ, ನಾವು ಕ್ಯಾಷುಯಲ್ಟಿಲಿ ಮೊದಲು ಚೆಕ್ ಮಾಡೋದ್ರಲ್ಲಿ ಅದೂ ಒಂದು.

ಆಮೇಲೆ ನಿಜ ಹೇಳಿ. ಏನ್ ಕುಡಿದ, ಎಷ್ಟು, ಜೊತೆಗೆ ಮಾತ್ರೆ ಏನಾದ್ರೂ ನುಂಗಿದ್ನಾ. ಮಾತ್ರೆ ಶೀಟ್ ಸಿಕ್ರೆ ಅದನ್ನೇ ಜೇಬಲ್ಲಿ ಹಾಕ್ಕೊಂಡ್ ಬನ್ನಿ. "ಫುಡ್ ಪಾಯ್ಸನ್ ಸಿಸ್ಟರ್" ಅಂತಾರೆ, ಮೂರು ಮಾರು ದೂರಕ್ಕೆ ವಾಸನೆ ಹೊಡೀತಿರುತ್ತೆ. ನಮಗೆ ಕೋಪ ಬರೋದು ಕುಡಿದಿದ್ದಕ್ಕಲ್ಲ, ಮುಚ್ಚಿಟ್ಟಿದ್ದಕ್ಕೆ. ಬೈಗುಳ ಬೀಳುತ್ತೆ, ಬೀಳಲ್ಲ ಅನ್ನಲ್ಲ, ಕೆಲಸ ಮಾಡ್ತಾನೇ ಬೈತೀವಿ.

ಲಾ ಓದ್ತಿರೋನು:
ಪೊಲೀಸ್ ಭಯದ ಬಗ್ಗೆ ಹೇಳ್ತೀನಿ. ಎಮರ್ಜೆನ್ಸಿಲಿ ಬಂದೋರಿಗೆ ಮೊದಲು ಚಿಕಿತ್ಸೆ, ಪೊಲೀಸ್ ಕಾಗದ ಆಮೇಲೆ ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಕೇಸಲ್ಲಿ ಹೇಳಿದೆ, ಪ್ರೈವೇಟ್ ಡಾಕ್ಟರ್‌ಗೂ ಅದು ಅನ್ವಯ. ಆಸ್ಪತ್ರೆಯವರು ಎಂಎಲ್‌ಸಿ, ಅಂದ್ರೆ ಮೆಡಿಕೋ ಲೀಗಲ್ ಕೇಸ್ ಅಂತ ಬರೀಬಹುದು, ಅದು ಸ್ಟೇಷನ್ನಿಗೆ ಕೊಡೋ ಮಾಹಿತಿ ಅಷ್ಟೇ, ಎಫ್‌ಐಆರ್ ಅಲ್ಲ. ರೂಮಲ್ಲಿ ಕುಡಿದು ಹುಷಾರ್ ತಪ್ಪಿದ ಹುಡುಗನ್ನ ಒಳಗೆ ಹಾಕೋಕೆ ಯಾರೂ ಓಡಿ ಬರಲ್ಲ.

ಗಾಂಜಾ, ಎಂಡಿ ಥರದ ಡ್ರಗ್ಸ್ ಅಂದ್ರೆ ಬೇರೆ ವಿಷಯ, ಸುಳ್ಳು ಧೈರ್ಯ ಹೇಳಲ್ಲ. ಎನ್‌ಡಿಪಿಎಸ್ ಕಾಯ್ದೆ 1985, ಸೆಕ್ಷನ್ 27, ಸೇದಿದ್ದೇ ಅಪರಾಧ, ಗಾಂಜಾಗೆ 6 ತಿಂಗಳವರೆಗೆ ಜೈಲು ಇಲ್ಲಾ 10,000ದವರೆಗೆ ದಂಡ ಇಲ್ಲಾ ಎರಡೂ. ಆದ್ರೆ ಅದೇ ಕಾಯ್ದೆಲಿ 64ಎ ಅಂತ ಒಂದಿದೆ, ಚಟಕ್ಕೆ ಬಿದ್ದೋನು ತಾನಾಗೇ ಸರ್ಕಾರದ ಇಲ್ಲಾ ಸರ್ಕಾರ ಒಪ್ಪಿರೋ ಆಸ್ಪತ್ರೆಲಿ ಟ್ರೀಟ್‌ಮೆಂಟ್ ತಗೊಂಡ್ರೆ, ಸೇವನೆ ಮತ್ತೆ ಸಣ್ಣ ಪ್ರಮಾಣದ ಕೇಸಲ್ಲಿ ಪ್ರಾಸಿಕ್ಯೂಷನ್ ಇರಲ್ಲ. ಅರ್ಧಕ್ಕೆ ಬಿಟ್ರೆ ಆ ರಕ್ಷಣೆ ಹೋಗಬಹುದು. ಇನ್ನೊಬ್ಬರಿಗೆ "ಸ್ವಲ್ಪ ಇಟ್ಕೋ ಮಚ್ಚಾ" ಅಂತ ಪ್ಯಾಕೆಟ್ ದಾಟಿಸಿದ್ರೆ ಮಾತ್ರ ಅದು ಸೇವನೆ ಅಲ್ಲ, ಸಪ್ಲೈ ಆಗುತ್ತೆ. ಹುಡುಗರು ಸಿಕ್ಕಾಕೊಳ್ಳೋದು ಜಾಸ್ತಿ ಇಲ್ಲೇ.

ಧಾರವಾಡದಿಂದ:
ನಮ್ಮ ರೂಮ್‌ಮೇಟ್ ಒಬ್ಬಾಂವ ಎಣ್ಣಿಗಿಂತ ಗುಳಿಗಿಗೆ ಬಿದ್ದಿದ್ದ ನೋಡ್ರಿ. ಅಲ್ಪ್ರಾಜೋಲಾಮ್, ನಿದ್ದಿ ಗುಳಿಗಿ. ಪರೀಕ್ಷಾ ಟೆನ್ಶನ್ ಅಂತ ಚಾಲೂ ಮಾಡಿದಾಂವ ಆಮೇಲೆ ಇಲ್ಲಂದ್ರ ಕೈ ನಡುಗೂದು, ಎಲ್ಲಾರ ಮ್ಯಾಲೂ ಸಿಟ್ಟು. ಗುಳಿಗಿ ಮ್ಯಾಲೆ ಎಣ್ಣಿ ಕುಡಿಯೂದು ಭಾಳ ಕೆಟ್ಟ, ಎರಡೂ ಉಸಿರ ಇಳಸ್ತಾವು. ಹಂಗಂತ ನಾವ ಶಾಣ್ಯಾರಾಗಿ ಒಮ್ಮೆಲೇ ಕಸಗೊಂಡ ಒಗೀಬಾರದಂತ್ರಿ, ದಿನಾ ತಗೊಳ್ಳಾವ ತಟ್ಟನ ಬಿಟ್ರ ಫಿಟ್ಸ್ ಬರ್ತಾವಂತ ಇಲ್ಲಿ ಮಾನಸಿಕ ಆಸ್ಪತ್ರಿ ಡಿಮ್ಹಾನ್ಸ್ ಡಾಕ್ಟರ್ ಹೇಳಿದ್ರು, ಹಂತ ಹಂತವಾಗಿ ಇಳಿಸಿದ್ರು.

ಅವನ್ನ ಅಲ್ಲಿತನಾ ಒಯ್ಯೂದಾ ದೊಡ್ಡ ಕೆಲಸ ಆತ್ರಿ. "ನನಗೇನ ಹುಚ್ಚ ಹಿಡದದೇನು" ಅಂತಿದ್ದ. ಮೊದಲ 14416ಕ್ಕ ಮಾಡಿದ್ವಿ, ಟೆಲಿ ಮಾನಸ್, ಮನಸ್ಸಿನ ತ್ರಾಸಿಗೆ ಸರ್ಕಾರದ ಸಹಾಯವಾಣಿ, ಫ್ರೀ, ರಾತ್ರಿ ಹಗಲು ಇರ್ತಾರ, ಕನ್ನಡದಾಗ ಮಾತಾಡ್ತಾರ. ಸ್ಪೀಕರ್ ಹಾಕಿ ನಾವಾ ಮಾತಾಡಿದ್ವಿ, ಅಂವ ಹಾಸಿಗ್ಯಾಗ ಮಾರಿ ಮುಚ್ಚಿಕೊಂಡ ಕೇಳಿದ, ಆಮೇಲೆ ತಾನಾ ಫೋನ್ ಕಸಗೊಂಡ. ಚಟದ್ದಾ ಬ್ಯಾರೆ ನಂಬರ್ 14446 ಐತಿ. ಬೆಂಗಳೂರಾಗಿದ್ರ ಹೊಸೂರು ರೋಡ ನಿಮ್ಹಾನ್ಸ್‌ದಾಗ ಇದಕ್ಕಂತ ಬ್ಯಾರೆ ವಿಭಾಗನಾ ಐತ್ರಿ. ಮನ್ಯಾಗ ಹೇಳೂದು ತಪ್ಪಲಿಲ್ಲ, ಅವರಪ್ಪ ಬಂದು ಬೈಲಿಲ್ಲ, ಸುಮ್ಮನ ಕುಂತಿದ್ರು. ಬೈದಿದ್ರಾ ಚೊಲೋ ಇತ್ತು ಅಂತ ಅಂವ ಈಗೂ ಅಂತಾನ.

ಹಾಸ್ಟೆಲಲ್ಲಿ ಓದಿದ ಅಕ್ಕ:
ಐ-ಪಿಲ್ ಬಗ್ಗೆ ಆ ಹುಡುಗಿಗೆ ಇದನ್ನ ಓದೋಕೆ ಕೊಡಪ್ಪ. ಇದು ಕಾಂಡೋಮ್ ಇಲ್ದೆ ಸೇರಿದ್ಮೇಲೆ ಗರ್ಭ ನಿಲ್ಲದಿರೋಕೆ ತಗೊಳ್ಳೋ ಮಾತ್ರೆ. ಸೇರಿದ 72 ಗಂಟೆ ಒಳಗೆ ಒಂದು, ಬೇಗ ತಗೊಂಡಷ್ಟೂ ಒಳ್ಳೇದು, ಮೂರನೇ ದಿನದವರೆಗೂ ಟೈಮ್ ಇದೆ ಅಂತ ಕೂರೋದಲ್ಲ. ಚೀಟಿ ಬೇಡ, ಮೆಡಿಕಲ್ ಶಾಪಲ್ಲಿ ಕೇಳಿದ್ರೆ ಕೊಡ್ತಾರೆ. ನುಂಗಿದ 2 ಗಂಟೆ ಒಳಗೆ ವಾಂತಿ ಆದ್ರೆ ಇನ್ನೊಂದು ತಗೋಬೇಕು, ಪಾರ್ಟಿ ಆದ ರಾತ್ರೀಲಿ ಇದನ್ನ ಎಲ್ಲರೂ ಮರೀತಾರೆ. ಮುಂದಿನ ಪೀರಿಯಡ್ ಹಿಂದೆ ಮುಂದೆ ಆಗಬಹುದು, ಒಂದು ವಾರದ ಮೇಲೆ ಲೇಟಾದ್ರೆ ಯೂರಿನ್ ಟೆಸ್ಟ್ ಮಾಡ್ಕೊಳ್ಳಿ. ಇದು ಖಾಯಿಲೆ ತಡಿಯಲ್ಲ, ಅದಕ್ಕೆ ಕಾಂಡೋಮೇ.

ಅಂಗಡಿಯೋನು ಮೇಲಿಂದ ಕೆಳಗೆ ನೋಡಿ, ಪೇಪರ್ ಸುತ್ತಿ, ಕಪ್ಪು ಕವರಿಗೆ ಹಾಕಿ, ಎಲ್ಲರಿಗೂ ಕೇಳೋ ಹಾಗೆ "ಐ-ಪಿಲ್ಲಾ?" ಅಂತಾನೆ. ನೋಡ್ಲಿ ಬಿಡು ಅಂತ ನಾವು ಇಬ್ಬರು ಮೂವರು ಒಟ್ಟಿಗೆ ಹೋಗ್ತಿದ್ವಿ, ಒಬ್ಳು ಶಾಂಪೂ ಒಬ್ಳು ಪ್ಯಾಡು ಕೇಳ್ತಿದ್ರೆ ಅವನಿಗೂ ಗೊಂದಲ.

ಟೆಸ್ಟ್ ಪಾಸಿಟಿವ್ ಬಂದ್ರೆ ಅಂಗಡಿಲಿ ಗರ್ಭಪಾತದ ಮಾತ್ರೆ ಕಿಟ್ ತಗೊಂಡು ಬಾತ್‌ರೂಮಲ್ಲಿ ಮುಗಿಸೋಕೆ ಹೋಗ್ಬೇಡಿ, ಗರ್ಭ ಟ್ಯೂಬಲ್ಲಿ ನಿಂತಿದ್ರೆ ಜೀವಕ್ಕೇ ಬರುತ್ತೆ, ಅದು ಸ್ಕ್ಯಾನ್ ಮಾಡಿದ್ರೇ ಗೊತ್ತಾಗೋದು. ಗರ್ಭಪಾತದ ಕಾಯ್ದೆಗೆ 2021ರ ತಿದ್ದುಪಡಿ ಆದ್ಮೇಲೆ 20 ವಾರದವರೆಗೆ ಒಬ್ಬ ಡಾಕ್ಟರ್ ಅಭಿಪ್ರಾಯ ಸಾಕು, ಮದುವೆ ಆಗದೇ ಇರೋರಿಗೂ ಹಕ್ಕಿದೆ, 18 ತುಂಬಿದ್ರೆ ಅವಳ ಸಹಿ ಒಂದೇ ಸಾಕು. "ಗಂಡನ್ನ ಕರ್ಕೊಂಡ್ ಬಾ" ಅನ್ನೋ ಡಾಕ್ಟರ್ ಈಗಲೂ ಇದಾರೆ, ಜಗಳ ಆಡೋಕೆ ಶಕ್ತಿ ಇಲ್ದಿದ್ರೆ ಬೇರೆ ಡಾಕ್ಟರ್ ಹತ್ರ ಹೋಗಿ, ಟೈಮ್ ಹಾಳು ಮಾಡ್ಬೇಡಿ. 18 ಆಗಿಲ್ಲಾಂದ್ರೆ ಗಾರ್ಡಿಯನ್ ಒಪ್ಪಿಗೆ ಬೇಕು, ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಕಾಯ್ದೆ ಪೋಕ್ಸೋನೂ ಬರುತ್ತೆ, ಆದ್ರೂ ಪೊಲೀಸರಿಗೆ ಹುಡುಗಿ ಹೆಸರು ಹೇಳಲೇಬೇಕು ಅಂತಿಲ್ಲ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಮತ್ತೆ ಹುಡುಗರಿಗೆ ಒಂದು ಮಾತು, ಕೇಳದಿದ್ರೂ ಹೇಳ್ತೀನಿ. ಏನು ನಡೀತಿದೆ ಅಂತ ತಿಳಿಯದಷ್ಟು ಅಮಲಲ್ಲಿರೋಳು ಹೂಂ ಅಂದ್ರೂ ಅದು ಒಪ್ಪಿಗೆ ಅಲ್ಲ, ಕಾನೂನಲ್ಲೇ ಇದೆ. ಯಾರಿಗಾದ್ರೂ ಹಂಗೆ ಆಗಿದ್ರೆ ಸ್ನಾನ ಮಾಡೋ ಮೊದಲು ಆಸ್ಪತ್ರೆ, ಬಟ್ಟೆ ಪೇಪರ್ ಕವರಲ್ಲಿ ಇಡಿ, ಪ್ಲಾಸ್ಟಿಕ್ ಬೇಡ. ಪ್ರೈವೇಟಲ್ಲೂ ಫ್ರೀ ಆಗಿ ನೋಡ್ಲೇಬೇಕು. ಜೊತೆಗೆ ಯಾರೂ ಇಲ್ಲಾಂದ್ರೆ ಮಹಿಳಾ ಸಹಾಯವಾಣಿ 181, ಇಲ್ಲಾ ಎಮರ್ಜೆನ್ಸಿ 112.

ಮಂಗಳೂರಿನವ:
ಟೆಸ್ಟ್ ಅಂದ್ರೆ ಎಚ್‌ಐವಿ ಟೆಸ್ಟ್ ಆದ್ರೆ ನಾನು ಹೇಳ್ತೇನೆ ಮಾರಾಯ. ಸರ್ಕಾರಿ ದೊಡ್ಡ ಆಸ್ಪತ್ರೆಗಳಲ್ಲಿ ಐಸಿಟಿಸಿ ಅಂತ ಬೋರ್ಡ್ ಉಂಟು, ಅಲ್ಲಿ ಟೆಸ್ಟಿಗೆ ದುಡ್ಡೇ ಇಲ್ಲ. ನಾನು ಮಾಸ್ಕ್ ಟೊಪ್ಪಿ ಎಲ್ಲ ಹಾಕಿ ಕಳ್ಳನ ಹಾಗೆ ಹೋದದ್ದು, ಒಳಗೆ ಕೌನ್ಸೆಲರ್ ಮೇಡಂ ತಲೆ ಎತ್ತದೆ "ಊಟ ಆಯ್ತಾ" ಅಂತ ಕೇಳಿದ್ರು, ಅರ್ಧ ಹೆದರಿಕೆ ಅಲ್ಲೇ ಹೋಯ್ತು. ಯಾಕೆ, ಏನು, ಯಾರೊಟ್ಟಿಗೆ ಅಂತ ವಿಚಾರಣೆ ಇಲ್ಲ, ಬೇಕಾದಷ್ಟೇ ಕೇಳ್ತಾರೆ. ರಿಪೋರ್ಟ್ ನಿಮ್ಮ ಕೈಗೇ ಕೊಡೋದು, ಇನ್ನೊಬ್ರಿಗೆ ಹೇಳುವ ಹಾಗಿಲ್ಲ, 2017ರ ಎಚ್‌ಐವಿ ಕಾಯ್ದೆ ಉಂಟು. ಘಟನೆ ಆದ ಮರುದಿನವೇ ಟೆಸ್ಟ್ ಮಾಡಿಸಿ ನೆಗೆಟಿವ್ ಅಂತ ಕುಣಿದು ಪ್ರಯೋಜನ ಇಲ್ಲ, ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ನೋಡ್ಬೇಕು. ಆದ್ರೆ ಕಾಂಡೋಮ್ ಹರಿದದ್ದು ನಿನ್ನೆ ಮೊನ್ನೆ ಅಂತಾದ್ರೆ ಕಾಯ್ಬೇಡಿ, ಎಚ್‌ಐವಿ ಹತ್ತದ ಹಾಗೆ ತಡೆಯುವ ಪೆಪ್ ಅಂತ ಮಾತ್ರೆ ಉಂಟು, 72 ಗಂಟೆ ಒಳಗೆ ಶುರು ಮಾಡಿ 28 ದಿನ ತಗೊಳ್ಳೋದು, ಎಆರ್‌ಟಿ ಸೆಂಟರ್, ಅಂದ್ರೆ ಎಚ್‌ಐವಿ ಚಿಕಿತ್ಸೆ ಕೊಡುವ ಜಾಗ ಇರುವ ಆಸ್ಪತ್ರೆಯಲ್ಲಿ ಕೇಳಿ. ಎಲ್ಲಿ ಅಂತ ಗೊತ್ತಾಗದಿದ್ರೆ ಎಚ್‌ಐವಿ ಸಹಾಯವಾಣಿ 1097. ಉರಿಮೂತ್ರ, ಹುಣ್ಣು ಅಂತ ಏನಾದ್ರೂ ಇದ್ರೆ ಅದಕ್ಕೆ ಸುರಕ್ಷಾ ಕ್ಲಿನಿಕ್ ಬೇರೆ ಉಂಟು. ಮೆಡಿಕಲಿಗೆ ಹೋಗಿ ಸಿಕ್ಕಿದ ಆಂಟಿಬಯೋಟಿಕ್ ತಿನ್ಬೇಡಿ ಮಾರಾಯ್ರೆ.

ಕೇಳಿದವನು:
ಥ್ಯಾಂಕ್ಸ್ ಎಲ್ಲರಿಗೂ, ನಂಬರೆಲ್ಲ ರೂಮ್ ಗ್ರೂಪಲ್ಲಿ ಪಿನ್ ಮಾಡಿದೀನಿ. ಒಂದೇ ಡೌಟು, ರಾತ್ರಿ ಎರಡು ಗಂಟೆಗೆ ಮೂರನೇ ಫ್ಲೋರಿಂದ ಓನರ್‌ಗೆ ಗೊತ್ತಾಗದ ಹಾಗೆ ಹೆಂಗೆ ಇಳ್ಸೋದು?

ಪಿಜಿ ನಡೆಸೋ ಅಂಕಲ್:
ಗೊತ್ತಾಗದ ಹಾಗೆ ಯಾಕಪ್ಪ ಇಳಿಸ್ತೀಯ? ಗೇಟ್ ಕೀ ಯಾರ ಹತ್ರ ಇರುತ್ತೆ? ಓನರ್‌ನ ಎಬ್ಬಿಸದೆ ಆಂಬುಲೆನ್ಸ್ ಬಂದು ಗೇಟ್ ಮುಂದೆ ಸೈರನ್ ಹೊಡೀತಾ ನಿಂತ್ರೆ ಇಡೀ ಬೀದಿ ಏಳುತ್ತೆ, ಅದು ಬೇಕಾ? ನಮಗೂ ಕುಡಿಯೋ ಹುಡುಗರನ್ನ ಕಂಡ್ರೆ ಆಗಲ್ಲ, ನಿಜ, ಬೆಳಿಗ್ಗೆ ಖಂಡಿತ ಬೈತೀವಿ, ಎರಡನೇ ಸಲ ಆದ್ರೆ ರೂಮ್ ಖಾಲಿ ಮಾಡು ಅಂತಲೂ ಅಂತೀವಿ. ಆದ್ರೆ ನಮ್ಮ ಬಿಲ್ಡಿಂಗಲ್ಲಿ ಒಂದು ಹುಡುಗನ ಹೆಣ ಬಿದ್ರೆ ಅದು ಯಾವ ಓನರ್‌ಗೂ ಬೇಡ, ಆ ಲೆಕ್ಕಕ್ಕಾದ್ರೂ ನಾವು ನಿಮ್ಮ ಕಡೇನೇ. ಫೋನ್ ಮಾಡ್ಬೇಡ, ರಾತ್ರಿ ಸೈಲೆಂಟಲ್ಲಿರುತ್ತೆ, ಬಾಗಿಲು ಬಡಿ. ಇನ್ನೊಂದು, ಪಿಜಿ ಮೆಟ್ಟಿಲು ಇಕ್ಕಟ್ಟು, ಸ್ಟ್ರೆಚರ್ ಲ್ಯಾಂಡಿಂಗಲ್ಲಿ ತಿರುಗದೇ ಇರಬಹುದು, 108ಗೆ ಮೂರನೇ ಮಹಡಿ, ಲಿಫ್ಟ್ ಇಲ್ಲ ಅಂತ ಮೊದಲೇ ಹೇಳು. ಒಬ್ಬ ಕೆಳಗೆ ಹೋಗಿ ಮೇನ್ ರೋಡಲ್ಲಿ ಮೊಬೈಲ್ ಟಾರ್ಚ್ ಹಾಕ್ಕೊಂಡು ನಿಲ್ಲಲಿ, ನಮ್ಮ ಕ್ರಾಸುಗಳಲ್ಲಿ ಮ್ಯಾಪ್ ನಂಬಿದ್ರೆ ಡ್ರೈವರ್ ಹಿಂದಿನ ರೋಡಲ್ಲಿ ಸುತ್ತುತ್ತಾ ಇರ್ತಾನೆ. ಕಾರಿಡಾರಲ್ಲಿ ನಿಲ್ಸಿರೋ ಶೂ ರ‍್ಯಾಕು, ಸೈಕಲ್ಲು ಪಕ್ಕಕ್ಕೆ ಎಳಿ.