ಇಪ್ಪತ್ತನೇ ತಾರೀಖಿಗೇ ಸಂಬಳ ಮುಗಿಯುತ್ತದೆ: ಉಳಿತಾಯವನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಕೂಡಿಗೆಯಿಂದ

ಎಲ್ಲರಿಗೂ ನಮಸ್ಕಾರ. ನಾನು ಕುಶಾಲನಗರದ ಬಳಿಯ ಕಾಫಿ ಕ್ಯೂರಿಂಗ್ ಘಟಕವೊಂದರ ಲೆಕ್ಕಪತ್ರ ವಿಭಾಗದಲ್ಲಿ ಮೂರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಕಡಿತಗಳೆಲ್ಲ ಕಳೆದು ತಿಂಗಳಿಗೆ 26,000 ರೂಪಾಯಿ ಕೈಗೆ ಬರುತ್ತದೆ. ಅದರಲ್ಲಿ 14,000 ರೂಪಾಯಿಯನ್ನು ಮನೆಖರ್ಚಿಗೆಂದು ಅಮ್ಮನ ಕೈಗೆ ಕೊಡುತ್ತೇನೆ, ಬೈಕಿನ ಕಂತಿಗೆ 3,400 ಹೋಗುತ್ತದೆ, ಉಳಿದ 8,600 ರೂಪಾಯಿ ಇಪ್ಪತ್ತನೇ ತಾರೀಖಿನೊಳಗೆ ಎಲ್ಲಿ ಹೋಯಿತೆಂದು ನನಗೇ ತಿಳಿಯುವುದಿಲ್ಲ. ದಿನವಿಡೀ ಬೇರೆಯವರ ಲೆಕ್ಕ ಬರೆಯುವವನಿಗೆ ತನ್ನ ಲೆಕ್ಕ ಹಿಡಿತಕ್ಕೆ ಸಿಗದಿರುವುದು ಬಹಳ ನೋವಿನ ಸಂಗತಿ.

ಎರಡು ಸಲ ಆರ್‌ಡಿ (ತಿಂಗಳು ತಿಂಗಳು ಕಂತು ಕಟ್ಟುವ ಠೇವಣಿ) ಆರಂಭಿಸಿ ಎರಡನ್ನೂ ಅರ್ಧಕ್ಕೇ ಮುರಿಸಿದ್ದೇನೆ. ಮೊದಲನೆಯದನ್ನು ತಮ್ಮನ ಡಿಪ್ಲೊಮಾ ಶುಲ್ಕಕ್ಕಾಗಿ ಮುರಿಸಿದೆ. ಎರಡನೆಯದನ್ನು ಮಳೆಗಾಲದ ಗಾಳಿಗೆ ಮನೆಯ ಶೀಟುಗಳು ಹಾರಿಹೋದಾಗ ಮುರಿಸಬೇಕಾಯಿತು. ಅಪ್ಪ ಇದ್ದಾಗ ತೋಟದ ಬಟವಾಡೆಯಲ್ಲಿ ಉಳಿಸಿ ಖಾಸಗಿ ಚೀಟಿಯೊಂದಕ್ಕೆ ಕಟ್ಟಿದ 40,000 ರೂಪಾಯಿ ಮುಳುಗಿಹೋದ್ದರಿಂದ, ಹಣವನ್ನು ಹೊರಗೆ ಎಲ್ಲಿಟ್ಟರೂ ಅಮ್ಮನಿಗೆ ಭಯ. ಇಷ್ಟು ಸಂಬಳದಲ್ಲಿ ಉಳಿತಾಯ ಸಾಧ್ಯವೇ, ಸಾಧ್ಯವಾದರೆ ಅದು ಮುರಿಯದಂತೆ ನಡೆಸಿಕೊಂಡು ಹೋಗುವುದು ಹೇಗೆ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1: ನಿವೃತ್ತ ಶಿಕ್ಷಕಿ, ಪೊನ್ನಂಪೇಟೆ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನಿಮಗೆ ಉಳಿಸುವ ಮನಸ್ಸಿಲ್ಲ ಎಂದು ನಾನು ಒಪ್ಪುವುದಿಲ್ಲ. ಎರಡು ಸಲ ಆರಂಭಿಸಿದ್ದೀರಿ. ಆ ಎರಡೂ ಮುರಿದುಬಿದ್ದ ಕಾರಣಗಳನ್ನು ನೋಡಿ: ಕಾಲೇಜಿನ ಶುಲ್ಕ ಮತ್ತು ಮಳೆಗಾಲ. ಇವೆರಡೂ ಹೇಳದೆ ಕೇಳದೆ ಬಂದ ಖರ್ಚುಗಳಲ್ಲ. ಕೊಡಗಿನಲ್ಲಿ ಜೂನ್ ಬಂದರೆ ಮಳೆ ಬರುತ್ತದೆ, ಕಕ್ಕಡ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಅದು ಜೋರಾಗುತ್ತದೆ, ಅದಕ್ಕೂ ಮೊದಲೇ ಸೌದೆ ಒಳಗೆ ಬಂದಿರಬೇಕು, ಮಾಡು ಸರಿಯಾಗಿರಬೇಕು. ಪ್ರತಿವರ್ಷ ಬರುವುದು ಗೊತ್ತಿದ್ದೂ ನಾವು ಇಂಥವನ್ನು ತಿಂಗಳ ಲೆಕ್ಕದಲ್ಲಿ ಸೇರಿಸುವುದಿಲ್ಲವಾದ್ದರಿಂದ, ಅವು ಎದುರಾದಾಗಲೆಲ್ಲ ಉಳಿತಾಯದ ಮೇಲೆಯೇ ಕೈಯಿಡಬೇಕಾಗುತ್ತದೆ.

ನಾನು ಕೆಲಸಕ್ಕೆ ಸೇರಿದ ಆರಂಭದಲ್ಲಿ ಇದೇ ತಪ್ಪನ್ನು ಆರು ವರ್ಷ ಮಾಡಿದೆ. ನನಗೆ ದಾರಿ ತೋರಿಸಿದ್ದು ನಮ್ಮ ಊರಿನ ದವಸ ಭಂಡಾರ. ಸುಗ್ಗಿಯಲ್ಲಿ ಸದಸ್ಯರು ಭತ್ತವನ್ನು ಭಂಡಾರಕ್ಕೆ ಅಳೆದುಕೊಟ್ಟು, ಮಳೆಗಾಲದಲ್ಲಿ ಕಣಜ ಬರಿದಾದ ಮನೆಗಳು ಅಲ್ಲಿಂದ ಭತ್ತವನ್ನು ಸಾಲವಾಗಿ ಪಡೆದು, ಮುಂದಿನ ಸುಗ್ಗಿಯಲ್ಲಿ ಬಡ್ಡಿಯನ್ನೂ ಭತ್ತದಲ್ಲೇ ಸೇರಿಸಿ ಹಿಂದಿರುಗಿಸುತ್ತಿದ್ದ ವ್ಯವಸ್ಥೆ ಅದು. ಭಂಡಾರಕ್ಕೆ ಕೊಡುವ ಭತ್ತವನ್ನು ನನ್ನ ಅಜ್ಜ ಕಳದಲ್ಲಿಯೇ ಬೇರೆ ರಾಶಿ ಮಾಡುತ್ತಿದ್ದರು. ಮನೆಯ ಕಣಜಕ್ಕೆ ಹೋದ ಭತ್ತ ಮತ್ತೆ ಹೊರಗೆ ಬರುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

ನೀವು ಒಂದು ಸಂಜೆ ಅಮ್ಮನೊಂದಿಗೆ ಕುಳಿತು ಹೋದ ವರ್ಷದ ಇಂಥ ಖರ್ಚುಗಳನ್ನು ಮಾತ್ರ ಬರೆಯಿರಿ: ತಮ್ಮನ ಶುಲ್ಕ, ಸೌದೆ ಮತ್ತು ಮಾಡಿನ ದುರಸ್ತಿ, ಬೈಕಿನ ವಿಮೆ, ಪುತ್ತರಿ ಹಬ್ಬದ ಖರ್ಚು, ಏಪ್ರಿಲ್ ಮತ್ತು ಮೇ ತಿಂಗಳ ಮದುವೆಗಳು. ಬಂದ ಮೊತ್ತವನ್ನು ಹನ್ನೆರಡರಿಂದ ಭಾಗಿಸಿ, ಅಷ್ಟನ್ನು ಸಂಬಳ ಬಂದ ದಿನವೇ ಬೇರೊಂದು ಉಳಿತಾಯ ಖಾತೆಗೆ ಹಾಕಿ. ಆ ಖಾತೆಗೆ ಎಟಿಎಂ ಕಾರ್ಡನ್ನೂ ಯುಪಿಐಯನ್ನೂ ಜೋಡಿಸಬೇಡಿ. ಇದನ್ನು ಉಳಿತಾಯವೆಂದು ಎಣಿಸಲೇಬಾರದು, ಏಕೆಂದರೆ ಇದು ಆಗಲೇ ಖರ್ಚಾಗಿರುವ ಹಣ. ಇದು ಸರಿಹೋದ ಮೇಲೆ ಐನೂರು ರೂಪಾಯಿಯ ಆರ್‌ಡಿ ಇಟ್ಟರೂ ಅದು ಮುರಿಯುವುದಿಲ್ಲ.

ಉತ್ತರ 2: ಅಂಚೆ ಇಲಾಖೆಯ ನೌಕರ, ಸೋಮವಾರಪೇಟೆ

ಟೀಚರ್ ಅವರ ಮಾತಿಗೆ ನಾನು ನಿಯಮಗಳನ್ನಷ್ಟೇ ಸೇರಿಸುತ್ತೇನೆ. ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು, ತಿಂಗಳಿಗೆ 100 ರೂಪಾಯಿಯಿಂದ ಆರಂಭಿಸಬಹುದು. 2023ರ ಅಕ್ಟೋಬರ್‌ನಲ್ಲಿ ಇದರ ಬಡ್ಡಿಯನ್ನು ಶೇ 6.7ಕ್ಕೆ ಏರಿಸಲಾಯಿತು, ಆ ದರದಲ್ಲಿ ತಿಂಗಳಿಗೆ 1,000 ರೂಪಾಯಿ ಕಟ್ಟಿದರೆ, ನೀವು ಕಟ್ಟಿದ 60,000 ಐದು ವರ್ಷದ ಕೊನೆಗೆ ಸುಮಾರು 71,300 ಆಗುತ್ತದೆ. ಖಾತೆ ತೆರೆದ ದಿನದ ದರವೇ ಐದು ವರ್ಷವೂ ನಡೆಯುತ್ತದೆ.

ಒಂದು ಕಂತು ತಪ್ಪಿದರೆ ನೂರು ರೂಪಾಯಿಗೆ ಒಂದು ರೂಪಾಯಿ ದಂಡವಷ್ಟೇ, ಆದ್ದರಿಂದ ಒಂದು ತಿಂಗಳು ತಪ್ಪಿತೆಂದು ಕೈಬಿಡಬೇಡಿ. ಹನ್ನೆರಡು ಕಂತು ಕಟ್ಟಿದ ಮೇಲೆ, ಜಮೆಯಾದ ಮೊತ್ತದ ಅರ್ಧದಷ್ಟನ್ನು ಸಾಲವಾಗಿ ಪಡೆಯಬಹುದು. ಖಾತೆಯನ್ನು ಮುರಿಸುವುದಕ್ಕಿಂತ ಅದು ಮೇಲು. ತಿಂಗಳ 15ರೊಳಗೆ ಖಾತೆ ತೆರೆದರೆ ಪ್ರತಿ ಕಂತನ್ನೂ 15ರೊಳಗೆ ಕಟ್ಟಬೇಕು, ಅದರ ನಂತರ ತೆರೆದರೆ ತಿಂಗಳ ಕೊನೆಯವರೆಗೆ ಅವಕಾಶವಿದೆ. ನಿಮ್ಮ ಹಣ ಇಪ್ಪತ್ತಕ್ಕೇ ಮುಗಿಯುವುದರಿಂದ 15ರೊಳಗೆ ತೆರೆಯುವುದೇ ನಿಮಗೆ ಒಳ್ಳೆಯದು.

ಸಂಬಳದ ಚೀಟಿಯಲ್ಲಿ ಭವಿಷ್ಯ ನಿಧಿಯ ಕಡಿತ ಇದೆಯೇ ಎಂದೂ ನೋಡಿ. ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 12 ಅಲ್ಲಿಗೆ ಹೋಗುತ್ತಿದ್ದರೆ ಮೂರು ವರ್ಷಗಳಿಂದ ನೀವು ಉಳಿಸುತ್ತಲೇ ಇದ್ದೀರಿ. ಕೆಲಸ ಬದಲಿಸಿದಾಗ ಅದನ್ನು ತೆಗೆದುಕೊಳ್ಳದೆ ಹೊಸ ಕಡೆಗೆ ವರ್ಗಾಯಿಸಿಕೊಳ್ಳಿ.

ಅಮ್ಮನವರ ಭಯ ನ್ಯಾಯವಾದದ್ದು. ಅಂಚೆ ಉಳಿತಾಯಕ್ಕೆ ಕೇಂದ್ರ ಸರ್ಕಾರದ ಹೊಣೆ ಇದೆ. ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳೂ ಸೇರಿ, ಪ್ರತಿ ಠೇವಣಿದಾರರಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಪ್ರಾಥಮಿಕ ಸಹಕಾರ ಸಂಘಗಳ ಠೇವಣಿಗೆ ಆ ವಿಮೆ ಅನ್ವಯಿಸುವುದಿಲ್ಲ. ಒಳ್ಳೆಯ ಸಂಘಗಳು ನಮ್ಮಲ್ಲಿ ಇವೆ, ಆದರೂ ಈ ವ್ಯತ್ಯಾಸ ತಿಳಿದಿರಬೇಕು. ಚೀಟಿಯಾದರೆ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾಗಿರುವುದೇ ಎಂದು ನೋಡದೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.

ಉತ್ತರ 3: ಮಡಿಕೇರಿಯ ಓದುಗ

ಮೇಲಿನ ಇಬ್ಬರ ಮಾತನ್ನೂ ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯವನ್ನು ಹೇಳಬೇಕಾಗಿದೆ. ಐದು ವರ್ಷದ ಆರ್‌ಡಿ ನಿಮ್ಮ ಮೊದಲ ಹೆಜ್ಜೆಯಾಗಬಾರದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು ಕಡೆಯ ಗುಡ್ಡಗಳು ಕುಸಿದಾಗ ನಮ್ಮ ಕುಟುಂಬ ಮನೆ ಬಿಟ್ಟು ಪರಿಹಾರ ಕೇಂದ್ರದಲ್ಲಿತ್ತು. ನನ್ನಲ್ಲಿ ಠೇವಣಿ ಇತ್ತು, ಆದರೆ ಅದರ ಪತ್ರಗಳು ಹೋಗಲಾಗದ ಮನೆಯಲ್ಲಿದ್ದವು, ಅದು ಕೈಗೆ ಬರಲು ವಾರಗಳೇ ಬೇಕಾದವು. ಆ ದಿನಗಳಲ್ಲಿ ಔಷಧಿಗೂ ಬಾಡಿಗೆ ಮನೆಯ ಮುಂಗಡಕ್ಕೂ ಒದಗಿದ್ದು ಉಳಿತಾಯ ಖಾತೆಯಲ್ಲಿದ್ದ 11,000 ರೂಪಾಯಿ ಮಾತ್ರ. ಹೆಚ್ಚು ಬಡ್ಡಿ ಬಾರದ ಹಣವೆಂದು ಅದನ್ನು ನಾನು ಅಲ್ಲಿಯವರೆಗೆ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಮನೆಯ ಒಂದು ತಿಂಗಳ ಖರ್ಚಿನಷ್ಟು ಹಣ ಕೂಡಲೇ ಕೈಗೆ ಸಿಗುವಂತಿರಲಿ. ಟೀಚರ್ ಹೇಳಿದ ವರ್ಷದ ಖರ್ಚಿನ ಖಾತೆಯೊಂದಿಗೆ ಅದನ್ನು ಬೆರೆಸಬೇಡಿ. ಪಾಸ್‌ಬುಕ್ ಮತ್ತು ಠೇವಣಿ ಪತ್ರಗಳ ಫೋಟೊಗಳನ್ನು ಮೊಬೈಲಿನಲ್ಲೂ, ಬೇರೆ ಊರಿನ ಬಂಧುವೊಬ್ಬರ ಬಳಿಯೂ ಇಡಿ. ಚಿನ್ನದ ಮೇಲೆ ಸಾಲವೇನಾದರೂ ಇದ್ದರೆ ಮೊದಲು ಅದನ್ನು ತೀರಿಸಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಅಮ್ಮನೊಂದಿಗೆ ಕುಳಿತು ಟೀಚರ್ ಹೇಳಿದಂತೆ ಬರೆದೆವು. ತಮ್ಮನ ಶುಲ್ಕ 18,000, ಸೌದೆ ಮತ್ತು ಮಾಡಿಗೆ 12,000, ಬೈಕಿನ ವಿಮೆ ಮತ್ತು ಸರ್ವಿಸ್‌ಗೆ 6,000, ಹಬ್ಬ ಮತ್ತು ಮದುವೆಗಳಿಗೆ 6,000. ಒಟ್ಟು 42,000, ತಿಂಗಳಿಗೆ 3,500. ನನ್ನ 8,600ರಲ್ಲಿ ಅಷ್ಟು ಹಣ ಮೊದಲೇ ಬೇರೆಯವರದ್ದಾಗಿತ್ತು ಎಂಬುದು ಈಗಷ್ಟೇ ಕಾಣಿಸಿತು. ಹೋದ ವರ್ಷದ ಮದುವೆಗಳನ್ನು ಅಮ್ಮ ಒಂದೊಂದಾಗಿ ನೆನಪಿಸಿಕೊಂಡು ಹೇಳಿದರು. ನನಗೆ ಅವುಗಳಲ್ಲಿ ಅರ್ಧವೂ ನೆನಪಿರಲಿಲ್ಲ.

ಈ ತಿಂಗಳಿನಿಂದ 3,500 ರೂಪಾಯಿ ಬೇರೆ ಖಾತೆಗೆ ಹೋಗುತ್ತದೆ, 1,000 ರೂಪಾಯಿಯ ಆರ್‌ಡಿ ಆರಂಭವಾಗುತ್ತದೆ. ಮಡಿಕೇರಿಯವರು ಹೇಳಿದ ತುರ್ತು ಹಣಕ್ಕೆ ಸದ್ಯಕ್ಕೆ ದಾರಿ ಕಾಣಲಿಲ್ಲ, ಆದರೆ ಬೈಕಿನ ಕಂತು ಮುಂದಿನ ಫೆಬ್ರುವರಿಗೆ ಮುಗಿಯುತ್ತದೆ. ಮಾರ್ಚ್‌ನಿಂದ ಜೂನ್‌ವರೆಗೆ ಅದೇ 3,400 ರೂಪಾಯಿಯನ್ನು ತೆಗೆದಿಟ್ಟರೆ, ಕಕ್ಕಡದ ಮಳೆ ಹಿಡಿಯುವ ಮೊದಲು 13,600 ರೂಪಾಯಿ ಕೈಯಲ್ಲಿರುತ್ತದೆ. ಆರ್‌ಡಿಯನ್ನು ಅಮ್ಮನ ಹೆಸರನ್ನೂ ಸೇರಿಸಿ ಜಂಟಿಯಾಗಿ ತೆರೆಯೋಣವೆಂದು ಕೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಪಾಸ್‌ಬುಕ್ ತಮ್ಮ ಬಳಿಯೇ ಇರುವುದಾದರೆ ಆಗಬಹುದೆಂದರು. ಸೋಮವಾರ ಬೆಳಿಗ್ಗೆ ಇಬ್ಬರೂ ಅಂಚೆ ಕಚೇರಿಗೆ ಹೋಗುತ್ತಿದ್ದೇವೆ.