ಪದಚರ್ಚೆ: ‘ಹೇಳಿ ಮಾಡಿಸಿದ’ ಸೈಕಲ್ಲು, ‘ಚಾಕರಿ ಕಡಿಮೆ’ ಸೈಕಲ್ಲು

ಎಲ್ಲರಿಗೂ ನಮಸ್ಕಾರ.

ಮಂಗಳೂರಿನ ಏರು-ತಗ್ಗಿನಲ್ಲಿ ದಿನಾ ಆಫೀಸಿಗೆ ಹೋಗಿ ಬರಲು ಒಂದು ಸೈಕಲ್ ತಯಾರಾಗುತ್ತಿದೆ. ಫ್ರೇಮು, ರಿಮ್ಮು, ಬ್ರೇಕು, ಗೇರ್ ಎಲ್ಲ ಬೇರೆ ಬೇರೆಯಾಗಿ ಆರಿಸಿದ್ದು. ಇದೇ ದಾರಿ ಹಿಡಿಯಬೇಕು ಎನ್ನುವ ಗೆಳೆಯರಿಗಾಗಿ ಕನ್ನಡದಲ್ಲಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಬಿಡಿಭಾಗಗಳ ಹೆಸರಿಗೆ ತೊಂದರೆ ಇಲ್ಲ. ಪೆಡಲ್, ಚೈನ್, ಮಡ್‌ಗಾರ್ಡ್, ಕ್ಯಾರಿಯರ್ ಎಲ್ಲ ಕನ್ನಡವೇ ಆಗಿ ಎಷ್ಟೋ ಕಾಲವಾಯಿತು. ಸೈಕಲ್ಲಿನ ಗುಣ ಹೇಳುವ ಮಾತುಗಳಲ್ಲೇ ತೊಡಕು.

ಮೊದಲನೆಯದು ‘ಹೇಳಿ ಮಾಡಿಸಿದ’. ನಮಗೆ ಬೇಕಾದಂತೆ ಮಾಡಿಸಿಕೊಂಡದ್ದು ಎನ್ನಲು ಇದಕ್ಕಿಂತ ಒಳ್ಳೆಯ ಮಾತಿಲ್ಲ. ಆದರೆ ಅದರ ಅರ್ಥ ಜಾರಿಬಿಟ್ಟಿದೆ. ‘ಹೇಳಿ ಮಾಡಿಸಿದ ಜೋಡಿ’ ಎನ್ನುವಾಗ ಯಾರೂ ಯಾರಿಗೂ ಹೇಳಿರುವುದಿಲ್ಲ, ಮಾಡಿಸಿರುವುದೂ ಇಲ್ಲ. ಈಗ ನಾನು ‘ಏರು ದಾರಿಗೆ ಹೇಳಿ ಮಾಡಿಸಿದ ಸೈಕಲ್’ ಎಂದು ಬರೆದರೆ ಯಾವುದೋ ಕಂಪನಿಯ ಜಾಹೀರಾತು ಅನಿಸುತ್ತದೆ, ಅಲ್ವಾ? ‘ಅಳತೆ ಕೊಟ್ಟು ಮಾಡಿಸಿದ’ ಅಂದರೆ ಫ್ರೇಮಿಗೆ ಸರಿ, ಗೇರಿಗೂ ಬ್ರೇಕಿಗೂ ಹೊಂದುವುದಿಲ್ಲ. ‘ಆರ್ಡರ್ ಕೊಟ್ಟ’ ಅಂದರೆ ಫೋನಿನಲ್ಲಿ ತರಿಸಿದ್ದು ಎಂದಾಗುತ್ತದೆ. ನನ್ನ ಒಲವು ‘ಕಟ್ಟಿಸಿದ ಸೈಕಲ್’ ಕಡೆಗೆ. ಮನೆ ಕಟ್ಟಿಸುತ್ತೇವೆ, ಲಾರಿಗೆ ಬಾಡಿ ಕಟ್ಟಿಸುತ್ತೇವೆ. ರಿಮ್ಮಿಗೆ ಕಡ್ಡಿ ಹೆಣೆದು ಬೆಂಡ್ ತೆಗೆಯುವ ಕೆಲಸಕ್ಕೂ ಚಕ್ರ ಕಟ್ಟುವುದು ಎಂದೇ ಹೇಳುತ್ತೇವೆ. ಇಡೀ ಸೈಕಲ್ಲಿಗೂ ಈ ಮಾತು ಒಗ್ಗೀತೇ?

ಎರಡನೆಯದು ಇನ್ನೂ ಕಷ್ಟದ್ದು. ಇಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಮೇಲೆ ಕಡಲ ಗಾಳಿಯ ಉಪ್ಪು ಬೇರೆ. ಮಳೆಗಾಲದಲ್ಲಿ ಚೈನನ್ನು ಒರೆಸದೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕೆಂಪು ತುಕ್ಕು. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ, ಹೊರಗೆ ನೇತಾಡುವ ಡಿರೇಲರ್ ಗೇರಿಗೆ ಕೆಸರು ಮೆತ್ತುತ್ತದೆ. ರಿಮ್ಮನ್ನು ಹಿಡಿಯುವ ಬ್ರೇಕಿನಲ್ಲಿ ಒದ್ದೆ ಮರಳು ಸಿಕ್ಕಿಕೊಂಡು ರಿಮ್ಮನ್ನೇ ಸವೆಸುತ್ತದೆ. ಅದಕ್ಕೇ ಈ ಸೈಕಲ್ಲಿಗೆ ಹಿಂದಿನ ಚಕ್ರದ ಹಬ್ಬಿನೊಳಗೇ, ಅಂದರೆ ಕಡ್ಡಿಗಳೆಲ್ಲ ಸೇರುವ ನಡುಭಾಗದೊಳಗೇ, ಅಡಗಿರುವ ಗೇರ್, ಮುಚ್ಚಿದ ಡ್ರಮ್ ಬ್ರೇಕ್, ಚೈನಿಗೆ ಹಳೇ ಕಾಲದ ಹಾಗೆ ಪೂರ್ತಿ ಕವರ್. ಇಂಥ ಸೈಕಲ್ಲನ್ನು ಏನೆನ್ನಬೇಕು?

‘ಕಡಿಮೆ ನಿರ್ವಹಣೆಯ ಸೈಕಲ್’ ಎಂದರೆ ಟೆಂಡರ್ ಪ್ರಕಟಣೆಯ ಕನ್ನಡ. ಅದೂ ಅಲ್ಲದೆ, ಸರಿಯಾಗಿ ನೋಡಿಕೊಳ್ಳದ ಸೈಕಲ್ ಎಂಬ ಅರ್ಥವೂ ಬರುತ್ತದೆ! ‘ಆರೈಕೆ’ ಬಾಣಂತಿಗೆ ಸರಿ. ‘ರಿಪೇರಿ’ ಕೆಟ್ಟ ಮೇಲಿನ ಮಾತು. ನಮ್ಮ ಕಡೆ ದನ ಸಾಕುವ ಮನೆಗಳಲ್ಲಿ ‘ಚಾಕರಿ’ ಎನ್ನುತ್ತಾರೆ. ಹಟ್ಟಿ ಗುಡಿಸುವುದು, ಹುಲ್ಲು ಹಾಕುವುದು, ಮೈ ತೊಳೆಸುವುದು, ಬಿಡದೆ ದಿನಾ ಮಾಡಬೇಕಾದ ಎಲ್ಲವೂ ಅದರಲ್ಲಿ ಬಂತು. ‘ಚಾಕರಿ ಕಡಿಮೆ ಬೇಡುವ ಸೈಕಲ್’ ಎಂದರೆ ನನ್ನ ಕಿವಿಗೆ ಹಿತವಾಗಿದೆ. ಉತ್ತರ ಕರ್ನಾಟಕದವರು ದಯವಿಟ್ಟು ಹೇಳಿ: ನಿಮಗೆ ಚಾಕರಿ ಎಂದರೆ ಮೊದಲು ನೌಕರಿಯೇ ನೆನಪಾಗುತ್ತದೆಯೇ? ಹಾಗಿದ್ದರೆ ಕೆಲಸ ಹುಡುಕುತ್ತಿರುವ ಸೈಕಲ್ ಅಂದುಕೊಂಡಾರು.

ಇದರ ಪಕ್ಕದಲ್ಲೇ ಇನ್ನೊಂದು ಮಾತಿದೆ, ‘ಓವರ್ ಆಯಿಲಿಂಗ್’. ಪೂರ್ತಿ ಬಿಚ್ಚಿ, ತೊಳೆದು, ಬೇರಿಂಗಿನ ಗುಂಡು ಬದಲಿಸಿ, ಗ್ರೀಸ್ ತುಂಬಿ ಮತ್ತೆ ಜೋಡಿಸುವ ಕೆಲಸಕ್ಕೆ ಸೈಕಲ್ ಶಾಪಿನವರು ಇಟ್ಟ ಹೆಸರು. ಇಂಗ್ಲಿಷಿನ ‘ಓವರ್‌ಹಾಲಿಂಗ್’ ಕಿವಿಯಿಂದ ಕಿವಿಗೆ ಹೋಗುವಾಗ ಎಣ್ಣೆ ಬಿದ್ದದ್ದು. ತಿದ್ದುವ ಮನಸ್ಸು ನನಗಿಲ್ಲ. ಕೈಪಿಡಿಯಲ್ಲೂ ಹಾಗೇ ಬರೆಯುತ್ತೇನೆ.

ಮೂರನೆಯದು ಗೇರ್ ಏರಿಸುವ, ಇಳಿಸುವ ಮಾತು. ‘ಏರು ಬಂದಾಗ ಗೇರ್ ಇಳಿಸಿ, ಇಳಿಜಾರಿನಲ್ಲಿ ಏರಿಸಿ’ ಎಂಬ ಸಾಲು ಹೊಸಬರನ್ನು ಗಲಿಬಿಲಿ ಮಾಡುತ್ತದೆ. ನಾನು ಹಾಕಿಸುತ್ತಿರುವುದು ಶಿಮಾನೊ ನೆಕ್ಸಸ್ 8 ಎಂಬ, ಹಬ್ಬಿನೊಳಗೇ ಎಂಟು ಗೇರುಗಳಿರುವ ಜೋಡಣೆ. ಚೈನ್ ಓಡುವ ಹಲ್ಲುಚಕ್ರಗಳಲ್ಲಿ ಮುಂದಿನದಕ್ಕೆ 38 ಹಲ್ಲು, ಹಿಂದಿನದಕ್ಕೆ 20. ಒಂದನೇ ಗೇರಿನಲ್ಲಿ ಪೆಡಲ್ ಒಂದು ಸುತ್ತು ಬಂದರೆ ಚಕ್ರವೂ ಹೆಚ್ಚುಕಡಿಮೆ ಒಂದೇ ಸುತ್ತು. ಎಂಟನೆಯದರಲ್ಲಿ ಮೂರು ಸುತ್ತು. ಗೇರ್ ಇಲ್ಲದ ಹಳೇ ಸೈಕಲ್ಲುಗಳಲ್ಲಿ ಇದು ಸುಮಾರು ಎರಡೂವರೆ. ಬಾವುಟಗುಡ್ಡೆ ಏರುವಾಗ ಅವನ್ನು ಇಳಿದು ತಳ್ಳುವುದು ಯಾಕೆಂದು ಇದರಲ್ಲೇ ಗೊತ್ತಾಗುತ್ತದೆ. ಗಲಿಬಿಲಿ ಬೇಡವೆಂದು ಏರಿಸು-ಇಳಿಸು ಎರಡನ್ನೂ ಬಿಟ್ಟು ‘ಹಗುರ ಗೇರ್’, ‘ಬಿಗಿ ಗೇರ್’ ಎಂದು ಬರೆದಿದ್ದೇನೆ. ಕಾಲಿಗೆ ಅನಿಸುವುದೇ ಹಾಗೆ. ‘ಸಿಗ್ನಲಿನಲ್ಲಿ ನಿಂತಿದ್ದಾಗಲೇ ಹಗುರಕ್ಕೆ ಹಾಕಿಕೊಳ್ಳಿ’ ಎಂದೂ ಸುಲಭವಾಗಿ ಹೇಳಬಹುದು. ಹಬ್ಬಿನೊಳಗಿನ ಗೇರಿನಲ್ಲಿ ಚಕ್ರ ನಿಂತಿದ್ದರೂ ಗೇರ್ ಬದಲಾಗುತ್ತದೆ. ಡಿರೇಲರಿನಲ್ಲಿ ಪೆಡಲ್ ತಿರುಗುತ್ತಿರಲೇಬೇಕು.

ಅಂದ ಹಾಗೆ, ಹಬ್ಬಿನೊಳಗಿನ ಗೇರಿಗೆ ‘ಒಳಗೇರು’ ಎಂಬ ಪದ ಸೂಚಿಸಿದವರಿದ್ದಾರೆ. ದಯವಿಟ್ಟು ಬೇಡ. ಮಂಗಳೂರಿನಲ್ಲಿ ಗೇರು ಎಂದರೆ ಗೇರುಬೀಜದ ಗೇರೇ.

ಕೊನೆಗೆ ಬಯಲುಸೀಮೆಯವರಿಗೆ ಒಂದು ಪ್ರಶ್ನೆ. ಎತ್ತಿನ ಗಾಡಿಯ ಚಕ್ರದ ನಡುವಿನ ದಪ್ಪ ಮರಕ್ಕೆ ‘ಗುಂಬ’ ಎನ್ನುತ್ತಾರಲ್ಲ, ಅಚ್ಚು ಅದರೊಳಗೆ ಹಾಯುತ್ತದೆ, ಕಡ್ಡಿಗಳೆಲ್ಲ ಅಲ್ಲಿಂದಲೇ ಹೊರಡುತ್ತವೆ. ಸೈಕಲ್ಲಿನ ಹಬ್ಬಿಗೂ ಯಾರಾದರೂ ಗುಂಬ ಎಂದದ್ದನ್ನು ಕೇಳಿದ್ದೀರಾ? ‘ಹಬ್ಬಿನೊಳಗಿನ ಗೇರ್’ ಎಂದು ಬರೆದಾಗಲೆಲ್ಲ ದೀಪಾವಳಿ, ಯುಗಾದಿ ನೆನಪಾಗುವಂತಿದೆ. ‘ಗುಂಬದ ಗೇರ್’ ಎಂದರೆ ನಿಮ್ಮೂರಿನ ಸೈಕಲ್ ಶಾಪಿನವರಿಗೆ ಅರ್ಥವಾಗುತ್ತದೆಯೇ, ಸುಮ್ನೆ ಒಮ್ಮೆ ಕೇಳಿ ತಿಳಿಸಿ. ಕೀಲೆಣ್ಣೆ ಎಂಬ ಮಾತು ಸೈಕಲ್ಲಿಗೂ ನಡೆಯುತ್ತದೆಯೋ, ಗಾಡಿಗೆ ಮಾತ್ರವೋ ಅದನ್ನೂ ಬರೆಯಿರಿ.